ಈಚಲು ಮರದ ಕೆಳಗೆ

ಚಾಮರಾಜನಗರದಲ್ಲಿ ರೈಲು ಹಳಿ ಮುಗಿಯುತ್ತದೆ. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಗಾಡಿಗೆ ಇದೇ ಕೊನೆಯ ನಿಲ್ದಾಣ. ಇಲ್ಲಿಂದ ಗುಂಡ್ಲುಪೇಟೆಗೆ ಹೋಗಬೇಕಾದವರು ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿಯಬೇಕು. ಊರು ದಾಟಿದೊಡನೆ ಬಯಲು ತೆರೆದುಕೊಳ್ಳುತ್ತದೆ. ಅರಿಶಿನ, ಸಣ್ಣ ಈರುಳ್ಳಿ, ಬಾಳೆ, ಚೆಂಡುಹೂವಿನ ಹೊಲಗಳು. ನಡುನಡುವೆ ಕೆರೆಯ ಏರಿ, ಹಳ್ಳದ ದಂಡೆ. ದಕ್ಷಿಣದ ಅಂಚಿನಲ್ಲಿ ಬೆಟ್ಟಗಳ ನೀಲಿ ಸಾಲು.

ಆ ಏರಿಗಳ ಮೇಲೆ, ಹಳ್ಳದ ತೇವದಲ್ಲಿ, ಅಲ್ಲೊಂದು ಇಲ್ಲೊಂದು ಈಚಲು ಮರ ನಿಂತಿರುತ್ತದೆ. ಎಳೆಯ ಮರವಾದರೆ ನೆಟ್ಟಗೆ ಇರುತ್ತದೆ. ಮುದಿ ಮರವಾದರೆ ಅದರ ಕಾಂಡ ನೋಡುವಂತಿರುತ್ತದೆ: ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚು ಬಿದ್ದು, ಗರಗಸದ ಹಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ವಂಕವಂಕವಾಗಿ ಮೇಲೇರಿರುತ್ತದೆ. ಬಸ್ಸಿನ ಕಿಟಕಿಗೆ ಮುಖವಿಟ್ಟ ಯಾವ ಹುಡುಗನಾದರೂ ಅದನ್ನು ನೋಡಿ ಪಕ್ಕದಲ್ಲಿ ಕುಳಿತ ತಾತನನ್ನು ಕೇಳದೆ ಇರಲಾರ.

"ತಾತ, ಆ ಮರ ಯಾಕ್ ಹಂಗೆ ಮೆಟ್ಲು ಮೆಟ್ಲಾಗದ?"

"ಮರ ಕೆತ್ತಿರ ಗುರ್ತು ಕಣ್ಮಗ. ಒಂದು ಕಚ್ಚು ಅಂದ್ರೆ ಒಂದು ವರ್ಸ."

"ಯಾಕ್ ಕೆತ್ತಿದ್ರು?"

ತಾತ ಉತ್ತರ ಹೇಳುವ ಮೊದಲೇ ಮುಂದಿನ ಸೀಟಿನಿಂದ ಹುಡುಗನ ತಾಯಿ ತಿರುಗಿ, "ಆ ಸಂಗ್ತಿ ಮಗೀಗ್ಯಾಕಪ್ಪ, ಸುಮ್ನಿರು" ಎನ್ನುತ್ತಾಳೆ. ತಾತ ಸುಮ್ಮನಾಗುತ್ತಾನೆ. ಬಸ್ಸು ಮುಂದೆ ಹೋಗುತ್ತದೆ.

ಈ ಸೀಮೆಯ ಬಹಳಷ್ಟು ಮನೆಗಳಲ್ಲಿ ಈಚಲು ಮರದ ಮಾತು ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ. ನಿಲ್ಲಿಸುವ ತಾಯಿಗೆ ಅವಳದೇ ಕಾರಣಗಳಿವೆ. ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡ ಎಂದೇ ತಿಳಿಯುತ್ತಾರೆ ಎಂಬ ಗಾದೆ ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಹುಡುಗನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಈ ಜಿಲ್ಲೆಯ ಇತಿಹಾಸ, ಕೊನೆಗೆ ಮನೆಯ ಲೆಕ್ಕ, ಎಲ್ಲವೂ ಒಂದೇ ಮರದ ಕೆಳಗೆ ಸಿಕ್ಕುತ್ತವೆ.

ಮರದ ಮೈಮೇಲಿನ ಲೆಕ್ಕ

ಮಾವಿನ ಮರಕ್ಕೋ ಬೇವಿನ ಮರಕ್ಕೋ ಕೊಡಲಿಯ ಪೆಟ್ಟು ಬಿದ್ದರೆ ಕೆಲವು ವರ್ಷಗಳಲ್ಲಿ ಗಾಯದ ಅಂಚು ಊದಿಕೊಂಡು ಮುಚ್ಚುತ್ತ ಬರುತ್ತದೆ. ತೊಗಟೆಯ ಒಳಗೆ ಕ್ಯಾಂಬಿಯಂ ಎಂಬ ಬೆಳವಣಿಗೆಯ ಪದರ ಇರುವುದರಿಂದ ಹೀಗಾಗುತ್ತದೆ. ಈಚಲು, ತೆಂಗು, ಅಡಿಕೆ, ತಾಳೆ ಏಕದಳ ಸಸ್ಯಗಳು. ಇವುಗಳ ಕಾಂಡದಲ್ಲಿ ಆ ಪದರ ಇಲ್ಲ. ಹಾಗಾಗಿ ಒಮ್ಮೆ ಮಾಡಿದ ಕಚ್ಚು ಮರ ಇರುವವರೆಗೂ ಹಾಗೆಯೇ ಉಳಿಯುತ್ತದೆ.

ಮರ ಕೆತ್ತುವ ಕಸುಬಿನವನು ಚಳಿಗಾಲ ಬಂದಾಗ ಮರ ಹತ್ತಿ, ಸುಳಿಯ ಕೆಳಗಿನ ಗರಿಗಳನ್ನು ಒಂದು ಪಕ್ಕದಲ್ಲಿ ಸವರಿ, ಮೆತ್ತನೆಯ ಕಾಂಡವನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೆತ್ತುತ್ತಾನೆ. ಗರಿಗಳು ತಯಾರಿಸಿದ ಸಕ್ಕರೆಯನ್ನು ಮರದ ಉಳಿದ ಭಾಗಕ್ಕೆ ಸಾಗಿಸುವ ರಸ ಅಲ್ಲಿಂದ ಜಿನುಗುತ್ತದೆ. ಕೆಳಗೆ ಗಡಿಗೆ ಕಟ್ಟುತ್ತಾರೆ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಕು ಹರಿಯುವ ಮುಂಚೆ ಇಳಿಸಬೇಕು. ಕೆಲವು ದಿನ ಕೆತ್ತಿದ ಮೇಲೆ ಕೆಲವು ದಿನ ಮರಕ್ಕೆ ಬಿಡುವು ಕೊಡಬೇಕು. ಮುಂದಿನ ವರ್ಷ ಎದುರು ಪಕ್ಕದಲ್ಲಿ, ಇನ್ನೂ ಸ್ವಲ್ಪ ಮೇಲೆ ಕೆತ್ತಬೇಕು. ಆಳ ಹೆಚ್ಚಾದರೆ ಸುಳಿ ಸತ್ತು ಮರವೇ ಹೋಗುತ್ತದೆ. ಕಡಿಮೆಯಾದರೆ ರಸ ಇಳಿಯುವುದಿಲ್ಲ. ಹಳೆ ಮೈಸೂರಿನಲ್ಲಿ ಈ ಕಸುಬು ಹೆಚ್ಚಾಗಿ ಈಡಿಗ ಮನೆತನಗಳದ್ದು. ಬೆರಳಿನ ಅಂದಾಜೇ ಅವರ ಅಳತೆಗೋಲು.

ಹೀಗೆ ಒಂದು ವರ್ಷ ಎಡಕ್ಕೆ, ಮರು ವರ್ಷ ಬಲಕ್ಕೆ ಕೆತ್ತಿದ ಗುರುತೇ ಆ ಮೆಟ್ಟಿಲು. ಎರಡೂ ಪಕ್ಕದ ಕಚ್ಚುಗಳನ್ನು ಎಣಿಸಿ ಕೂಡಿದರೆ ಮರ ಎಷ್ಟು ವರ್ಷ ರಸ ಕೊಟ್ಟಿದೆ ಎಂದು ತಿಳಿಯುತ್ತದೆ. ಕೊನೆಯ ಕಚ್ಚಿನ ಮೇಲೆ ಕಾಂಡ ಎಷ್ಟು ಉದ್ದ ನೆಟ್ಟಗೆ ಬೆಳೆದಿದೆ ಎಂಬುದನ್ನು ನೋಡಿದರೆ, ಕೆತ್ತುವುದು ನಿಂತು ಎಷ್ಟು ಕಾಲವಾಯಿತು ಎಂಬುದರ ಅಂದಾಜೂ ಸಿಕ್ಕುತ್ತದೆ. ಪಡಖಾನೆ ಮುಚ್ಚಿದ ಕಥೆಯನ್ನು ಕಡತಗಳಿಗಿಂತ ಮೊದಲು ಬರೆದುಕೊಂಡದ್ದು ಮರವೇ.

ಗಡಿಗೆಯೊಳಗಿನ ಗಡಿಯಾರ

ಮರದಿಂದ ಇಳಿದ ರಸ ಆ ಕ್ಷಣದಲ್ಲಿ ಹೆಂಡವಲ್ಲ. ತಿಳಿಯಾದ, ಸಿಹಿಯಾದ, ನೂರಕ್ಕೆ ಹತ್ತಕ್ಕೂ ಹೆಚ್ಚು ಭಾಗ ಸಕ್ಕರೆಯಿರುವ ನೀರು ಅದು. ಅದಕ್ಕೆ ನೀರಾ ಎಂದು ಹೆಸರು. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಕೆಲಕಾಲ ಸಿಹಿಯಾಗಿಯೇ ಉಳಿಯುತ್ತದೆ. ಸುಣ್ಣದ ಕ್ಷಾರಗುಣದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ಕಷ್ಟವಾಗುವುದೇ ಅದಕ್ಕೆ ಕಾರಣ. ಬಂಗಾಳದ ಹಳ್ಳಿಗಳಲ್ಲಿ ಇದೇ ಈಚಲು ರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಚಳಿಗಾಲದಲ್ಲಿ ಆ ಬೆಲ್ಲದ ಸಿಹಿತಿಂಡಿಗೆ ಅಲ್ಲಿ ದೊಡ್ಡ ಹೆಸರು. ತಾಳೆಯ, ಈಚಲಿನ ರಸದಿಂದ ಹೆಂಡದ ಬದಲು ನೀರಾ ಮತ್ತು ಬೆಲ್ಲ ಬರಲಿ ಎಂಬುದು ಗಾಂಧೀಜಿಯವರ ಆಸೆಯೂ ಆಗಿತ್ತು.

ಸುಣ್ಣವಿಲ್ಲದ ಗಡಿಗೆಯಲ್ಲಿ ಬೇರೆಯೇ ಕೆಲಸ ನಡೆಯುತ್ತದೆ. ಗಾಳಿಯಲ್ಲಿ, ಮರದ ಮೈಯಲ್ಲಿ, ನಿನ್ನೆಯ ಗಡಿಗೆಯ ಗೋಡೆಯಲ್ಲಿ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಮಾಡುತ್ತವೆ. ಹೆಂಡದ ನೊರೆ ಎಂದರೆ ಆ ಅನಿಲವೇ. ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದನ್ನು ಕಂಡ ಮಕ್ಕಳಿಗೆ ಇದು ಹೊಸದೇನಲ್ಲ. ಹುಳಿಯುವುದು ಜೀವಿಗಳ ಕೆಲಸ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ತೋರಿಸಿದ. ಗಡಿಗೆ ಕಟ್ಟುವವರು ಆ ಜೀವಿಗಳನ್ನು ನೋಡದೆಯೇ ಅವುಗಳ ವೇಳಾಪಟ್ಟಿಯನ್ನು ತಿಳಿದಿದ್ದರು.

ವೇಳಾಪಟ್ಟಿ ಬಹಳ ಬಿಗಿ. ಮುಂಜಾನೆ ಸಿಹಿ. ಹೊತ್ತು ಏರಿದಂತೆ ಒಗರು, ನೊರೆ, ಅಮಲು. ಸಂಜೆಯ ಹೊತ್ತಿಗೆ ಮದ್ಯಸಾರ ಹೆಚ್ಚೆಂದರೆ ನೂರಕ್ಕೆ ನಾಲ್ಕೈದು ಭಾಗ. ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಕೆಲಸಕ್ಕಿಳಿದು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುತ್ತವೆ, ಅಂದರೆ ವಿನೆಗರ್. ಮರುದಿನಕ್ಕೆ ಅದು ಬಾಯಿಗೆ ಇಡಲಾಗದಷ್ಟು ಹುಳಿ. ಕೂಡಿಡಲು ಬಾರದು, ದೂರ ಸಾಗಿಸಲು ಬಾರದು. ಆದ್ದರಿಂದ ಈಚಲು ಹೆಂಡದ ಅಂಗಡಿ ಎಂದರೆ ಮರಗಳಿಂದ ಒಬ್ಬ ಮನುಷ್ಯ ಗಡಿಗೆ ಹೊತ್ತು ನಡೆಯುವಷ್ಟು ದೂರದಲ್ಲಿ ಇರುವ ಅಂಗಡಿ. ಮರ ಎಷ್ಟು ಕೊಟ್ಟರೆ ಅಷ್ಟೇ ವ್ಯಾಪಾರ. ಅದರ ಬಾಗಿಲು ಹಾಕುವ ಹೊತ್ತನ್ನು ಗೊತ್ತುಮಾಡಿದ್ದು ಮರದ ರಸವೇ.

ಪಡಖಾನೆ ಎಂಬ ಜಾಗ

ಆ ಅಂಗಡಿಗೆ ಹಳೆ ಮೈಸೂರಿನ ಮಾತಿನಲ್ಲಿ ಪಡಖಾನೆ ಎಂದು ಹೆಸರು. ಊರ ಹೊರಗೆ, ಸಾಮಾನ್ಯವಾಗಿ ಈಚಲು ವನದ ಕಡೆಯ ದಾರಿಯಲ್ಲಿ, ಗರಿ ಹೊದಿಸಿದ ಒಂದು ಜೋಪಡಿ. ನೆಲದಲ್ಲಿ ಕುಳಿತ ದೊಡ್ಡ ಗಡಿಗೆಗಳು, ಮಣ್ಣಿನ ಕುಡಿಕೆಗಳು, ಎಲೆಯ ಮೇಲೆ ಹುರಿದ ಕಡಲೆಯೋ ಕಾರದ ಬಾಡಿನ ಚೂರೋ. ಸಂತೆಯ ದಿನ ಜನ ಹೆಚ್ಚು. ಹೊಲದ ಆಳುಗಳು, ಗಾಡಿ ಹೊಡೆಯುವವರು, ಕಲ್ಲು ಒಡೆಯುವವರು ಬಂದು ಕೂರುತ್ತಿದ್ದರು. ಯಾರ ಎತ್ತು ಮಾರಾಟಕ್ಕಿದೆ, ಯಾರ ಹೊಲಕ್ಕೆ ಕಳೆ ಕೀಳಲು ಆಳು ಬೇಕು, ಯಾವ ಊರಿನಲ್ಲಿ ಮಳೆಯಾಯಿತು ಎಂಬ ಸುದ್ದಿಯೆಲ್ಲ ಅಲ್ಲಿ ಸಿಕ್ಕುತ್ತಿತ್ತು. ದೇವಸ್ಥಾನದ ಜಗಲಿಯಲ್ಲಿ ಕೂರಲು ಬಿಡದ ಜನರಿಗೆ ಕೂರಲು ಸಿಕ್ಕಿದ ಕೆಲವೇ ಜಾಗಗಳಲ್ಲಿ ಅದೂ ಒಂದು. ಅಲ್ಲೂ ಕುಡಿಕೆ ಬೇರೆ ಇಟ್ಟ ಊರುಗಳಿದ್ದವು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಸಾಹಿತ್ಯ ಈ ಜಾಗವನ್ನು ಕಣ್ಣೆತ್ತಿ ನೋಡಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನೊಬ್ಬನಿದ್ದ. ಹೆಂಡ ಮಾರುವುದು ಅವನ ಕಾಯಕ. ಇದೇ ಚಾಮರಾಜನಗರ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ಶುಚಿಯಾದ ಮಡಿಯಲ್ಲಲ್ಲ, ಹೆಂಡದ ಗಡಿಗೆಯೊಂದಿಗೆ, ಯಾರೂ ಹತ್ತಿರ ಸೇರಿಸದ ವೇಷದಲ್ಲಿ. ಒಳಗೆ ಬಿಡುವವರು ಯಾರು, ಮೂಗು ಮುಚ್ಚುವವರು ಯಾರು ಎಂಬುದೇ ಅಲ್ಲಿ ಪರೀಕ್ಷೆ.

ಇನ್ನು ಇಪ್ಪತ್ತನೆಯ ಶತಮಾನದಲ್ಲಿ ಪಡಖಾನೆಯನ್ನು ಕನ್ನಡದ ಮನೆಮನೆಗೆ ತಂದವರು ಜಿ.ಪಿ. ರಾಜರತ್ನಂ. ಅವರ ಹೆಸರಿನ ಮೊದಲ ಎರಡು ಅಕ್ಷರ ಗುಂಡ್ಲು ಪಂಡಿತ ಎಂಬ ಮನೆತನದ್ದು. ಗುಂಡ್ಲು ಹೊಳೆಯ ದಂಡೆಯ ಪೇಟೆಗೆ ಹೋಗುವ ಬಸ್ಸಿನಲ್ಲಿ ಆ ಹೆಸರು ನೆನಪಾದರೆ ಆಶ್ಚರ್ಯವಿಲ್ಲ. ಶಿಶುಗೀತೆಗಳನ್ನು ಬರೆದು ಕನ್ನಡದ ಮಕ್ಕಳಿಗೆಲ್ಲ ಹತ್ತಿರವಾದ ಅದೇ ಲೇಖಕರು, 'ರತ್ನನ ಪದಗಳು' ಬರೆದು ಹೆಂಡಕುಡುಕನೊಬ್ಬನ ಬಾಯಿಂದ ಕನ್ನಡದ ಅಭಿಮಾನವನ್ನೂ ಬಡವನ ಸಂಸಾರದ ಪ್ರೀತಿಯನ್ನೂ ಆಡಿಸಿದರು. ಓದುಗರು ಆ ಕುಡುಕನನ್ನು ಪ್ರೀತಿಸಿದರು. ಆದರೆ ಅವನ ಹೆಂಡತಿಯ ಬಾಯಿಂದ ಅಷ್ಟೇ ಪದಗಳು ಬಂದಿದ್ದರೆ ಅವು ಹೇಗಿರುತ್ತಿದ್ದವು ಎಂದು ಕೇಳಿಕೊಂಡವರು ಕಡಿಮೆ.

ಗೆರೆಗಳು, ಗುತ್ತಿಗೆಗಳು, ಕೊಡಲಿಗಳು

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಇಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗೆ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರು ಕೊಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಮೈಸೂರು ಸಂಸ್ಥಾನಕ್ಕೆ ಅಬಕಾರಿ ಒಂದು ಮುಖ್ಯ ಆದಾಯ. ಈಚಲು ವನಗಳಿಗೂ ಹೆಂಡದ ಅಂಗಡಿಗಳಿಗೂ ಸರ್ಕಾರದ ಲೆಕ್ಕವಿತ್ತು, ಗುತ್ತಿಗೆಯಿತ್ತು. ಮರ ಕೆತ್ತುವವನೇ ಅಂಗಡಿಯ ಯಜಮಾನ ಆಗಿರುವುದು ಅಪರೂಪ. ಗಡಿಗೆ ಇಳಿಸುವವನು ಒಬ್ಬ, ಹರಾಜಿನಲ್ಲಿ ಕೂಗಿ ಹಿಡಿಯುವವನು ಇನ್ನೊಬ್ಬ.

ಈಗ ಇದೇ ಜಿಲ್ಲೆಗೆ ಸೇರಿದ ಕೊಳ್ಳೇಗಾಲದ ಕಥೆ ಬೇರೆ. 1956ರವರೆಗೆ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧ 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. ಯಳಂದೂರು ಮೈಸೂರಿನದು, ಪಕ್ಕದ ಕೊಳ್ಳೇಗಾಲ ಮದ್ರಾಸಿನದು. ಒಂದೇ ಮಾತು, ಒಂದೇ ಮಾದಪ್ಪನ ಒಕ್ಕಲು. ಕಾನೂನು ಮಾತ್ರ ಎರಡು.

ಮೈಸೂರಿನ ಕಡೆಯೂ ಹೆಂಡದ ವಿರುದ್ಧ ದನಿ ಇರಲಿಲ್ಲವೆಂದಲ್ಲ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದು ಬಂಧನಕ್ಕೊಳಗಾದರು. ಸರ್ಕಾರದ ಆದಾಯಕ್ಕೂ ಕುಡಿತಕ್ಕೂ ಒಂದೇ ಕೊಡಲಿ ಎಂಬುದು ಅವರ ಲೆಕ್ಕ. ಆ ಚಳವಳಿಯಲ್ಲಿದ್ದ ಎಸ್. ನಿಜಲಿಂಗಪ್ಪನವರು ಮುಂದೆ ಮುಖ್ಯಮಂತ್ರಿಗಳಾದರು. ಸಂವಿಧಾನದ 47ನೆಯ ವಿಧಿ ಪಾನನಿರೋಧಕ್ಕೆ ಶ್ರಮಿಸುವುದು ರಾಜ್ಯದ ಕರ್ತವ್ಯ ಎಂದಿತು. ಹಳೆ ಮೈಸೂರಿನ ಕೆಲವು ಜಿಲ್ಲೆಗಳಲ್ಲಿ ಪಾನನಿರೋಧ ಬಂದಿತ್ತು ಕೂಡ. ಆದರೆ ಕಳ್ಳಭಟ್ಟಿ ಹೆಚ್ಚಿತು, ಖಜಾನೆಗೆ ಬರುವುದು ತಪ್ಪಿತು. 1967ರಲ್ಲಿ, ಅದೇ ನಿಜಲಿಂಗಪ್ಪನವರ ಕಾಲದಲ್ಲಿ, ಪಾನನಿರೋಧವನ್ನು ತೆಗೆಯಲಾಯಿತು. ಯಾರನ್ನೂ ಹಾಸ್ಯ ಮಾಡಲು ಈ ಮಾತಲ್ಲ. ಹೋರಾಟಗಾರನಾಗಿ ಕಾಣುವ ಮರ ಒಂದು, ಆಡಳಿತಗಾರನಾಗಿ ಕಾಣುವ ಮರ ಇನ್ನೊಂದು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಹಾಳಾಗದ ವಸ್ತು ಬಂದಾಗ

ಪಡಖಾನೆಯ ಮೊದಲ ಶತ್ರು ಕಾನೂನಲ್ಲ, ಸಾರಾಯಿ. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹುಳಿಸಿದ ದ್ರವವನ್ನು ಕಾಯಿಸಿ ಮೊದಲು ಬರುವ ಆವಿಯನ್ನು ತಣಿಸಿ ಹಿಡಿದರೆ ಮದ್ಯಸಾರದ ಪಾಲು ಹಲವು ಪಟ್ಟು ಹೆಚ್ಚುತ್ತದೆ. ಅಷ್ಟು ಮದ್ಯಸಾರದಲ್ಲಿ ಯೀಸ್ಟೂ ಬದುಕುವುದಿಲ್ಲ, ವಿನೆಗರ್ ಮಾಡುವ ಬ್ಯಾಕ್ಟೀರಿಯವೂ ಬದುಕುವುದಿಲ್ಲ. ಆದ್ದರಿಂದ ಅದು ಕೆಡುವುದಿಲ್ಲ. ಕೆಡದ ವಸ್ತುವನ್ನು ಕೂಡಿಡಬಹುದು, ಲಾರಿಯಲ್ಲಿ ಸಾಗಿಸಬಹುದು, ಮರವಿಲ್ಲದ ಊರಿನಲ್ಲೂ ಮಾರಬಹುದು. ಸಾರಾಯಿ ಪ್ಲಾಸ್ಟಿಕ್ ಪಾಕೀಟಿಗೆ ಬಂದ ಮೇಲೆ ಅದು ಅಂಗಿಯ ಜೇಬಿಗೂ ಬಂತು. ಕುಳಿತು ಕುಡಿಯುವ ಜೋಪಡಿಯೇ ಬೇಕಾಗಲಿಲ್ಲ.

ಹೆಂಡದ ಗುತ್ತಿಗೆದಾರ ಇದರ ಜೊತೆ ಪೈಪೋಟಿ ಮಾಡಬೇಕಾಯಿತು. ಮರ ಹೆಚ್ಚು ಕೊಡುವುದಿಲ್ಲ. ಹರಾಜಿನ ಮೊತ್ತ ಕಡಿಮೆಯಾಗುವುದಿಲ್ಲ. ಹಾಗಾದರೆ ಉಳಿದದ್ದು ಗಡಿಗೆಗೆ ನೀರು, ಸಕ್ಯಾರಿನ್, ಮತ್ತು ಅಮಲಿಗೆ ಕ್ಲೋರಲ್ ಹೈಡ್ರೇಟ್. ಇದು ಜರ್ಮನಿಯ ಲೀಬಿಗ್ 1832ರಲ್ಲಿ ತಯಾರಿಸಿದ ರಾಸಾಯನಿಕ. ಒಂದು ಕಾಲಕ್ಕೆ ನಿದ್ದೆಯ ಔಷಧಿ. ಇದನ್ನು ದಿನವೂ ಹೆಂಡವೆಂದು ಕುಡಿದವರಿಗೆ ಒಮ್ಮೆಲೇ ಸಿಕ್ಕದೆ ಹೋದರೆ ಕೈಕಾಲು ನಡುಗುತ್ತದೆ, ಫಿಟ್ಸ್ ಬರುತ್ತದೆ, ಬುದ್ಧಿ ಭ್ರಮಿಸುತ್ತದೆ. ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಹೆಂಡವನ್ನು ತಡೆದಾಗ ಆಸ್ಪತ್ರೆಗಳು ಇಂಥವರಿಂದ ತುಂಬಿದವು. ಕರ್ನಾಟಕದಲ್ಲಿ ಆ ಹೊತ್ತಿಗೆ ಹೆಂಡವೇ ಇರಲಿಲ್ಲ: ಕಲಬೆರಕೆಯ ದೂರುಗಳ ನಡುವೆ 2004ರಲ್ಲಿ, ಕರಾವಳಿಯ ಜಿಲ್ಲೆಗಳನ್ನು ಬಿಟ್ಟು, ಹೆಂಡ ಇಳಿಸುವುದನ್ನೂ ಮಾರುವುದನ್ನೂ ನಿಲ್ಲಿಸಲಾಗಿತ್ತು. ಪಡಖಾನೆಗೆ ಬೀಗ ಬಿತ್ತು. ಈಚಲು ಮರದ ಮೇಲೆ ಹೊಸ ಕಚ್ಚು ಬೀಳುವುದು ನಿಂತಿತು.

ಮೂರು ವರ್ಷದ ಮೇಲೆ, 2007ರ ಜುಲೈ 1ರಂದು, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಸಾರಾಯಿಯೂ ನಿಷೇಧವಾಯಿತು. ಅದರ ಹಿಂದೆ ಹೆಂಗಸರ ದೀರ್ಘ ಕೂಗು ಇತ್ತು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬಂದ ಹೆಂಗಸರು, ಪಾಠದಲ್ಲಿ ತಮ್ಮದೇ ಕಥೆ ಓದಿ, ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದ್ದು 1990ರ ದಶಕದ ಆರಂಭದಲ್ಲಿ. 1993ರಲ್ಲಿ ಆಂಧ್ರ ಸಾರಾಯಿ ನಿಲ್ಲಿಸಿತು, 1996ರಲ್ಲಿ ಕೇರಳ. ಓದು ಬರಹ ಏನು ಮಾಡಬಲ್ಲದು ಎಂಬುದಕ್ಕೆ ದೂಬಗುಂಟಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಒಂದು ಪೇಟೆ, ಮೂರು ಕಾನೂನು

ಬಸ್ಸು ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೋಡ ಇಲ್ಲಿಂದ ದೂರವಿಲ್ಲ. ಪೇಟೆಯ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಕಾಡಿನ ಮೂಲಕ ತಮಿಳುನಾಡಿನ ಊಟಿಗೆ, ಇನ್ನೊಂದು ಕೇರಳದ ವಯನಾಡಿಗೆ. ಒಂದೇ ಪೇಟೆಯ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಒಂದೇ ಮರದ ರಸಕ್ಕೆ ಮೂರು ಕಾನೂನು. ವಯನಾಡಿನ ಕಡೆ ಹೋದರೆ ಪರವಾನಗಿ ಪಡೆದ ಕಳ್ಳಿನ ಅಂಗಡಿಗಳು, ಮೀನು ಸಾರು, ಮರಗೆಣಸಿನೊಂದಿಗೆ, ಇನ್ನೂ ನಡೆಯುತ್ತಿವೆ. ಊಟಿಯ ಕಡೆ ಹೋದರೆ 1987ರಿಂದ ಕಳ್ಳು ನಿಷಿದ್ಧ. ಆದರೆ ಸರ್ಕಾರವೇ ಮದ್ಯದ ಅಂಗಡಿ ನಡೆಸುತ್ತದೆ. ಇತ್ತ ಗುಂಡ್ಲುಪೇಟೆಯಲ್ಲಿ ಪಡಖಾನೆ ಇಲ್ಲ, ಸಾರಾಯಿ ಅಂಗಡಿ ಇಲ್ಲ. ಬಾರ್ ಇದೆ, ವೈನ್ ಸ್ಟೋರ್ ಇದೆ.

ಹಾಗಾದರೆ ಮುಚ್ಚಿದ್ದು ಏನು? ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಅಗ್ಗದ ವಿಸ್ಕಿ ಈಗ 90 ಮಿಲಿಲೀಟರಿನ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಅದರಲ್ಲಿ ಮದ್ಯಸಾರ ನೂರಕ್ಕೆ 42.8 ಭಾಗ. ಅಂದರೆ ಪೊಟ್ಟಣವೊಂದರಲ್ಲಿ ಸುಮಾರು 38 ಮಿಲಿಲೀಟರ್ ಮದ್ಯಸಾರ. ನೂರಕ್ಕೆ ಐದು ಭಾಗ ಮದ್ಯಸಾರವಿರುವ, 650 ಮಿಲಿಲೀಟರಿನ ಒಂದು ದೊಡ್ಡ ಬಾಟಲಿ ಹೆಂಡದಲ್ಲಿ ಇರುವುದು ಸುಮಾರು 32. ಹೊಟ್ಟೆ ತುಂಬುವಷ್ಟು ಹೆಂಡಕ್ಕಿಂತ ಜೇಬಿಗೆ ಹಿಡಿಯುವ ಪೊಟ್ಟಣದಲ್ಲೇ ಹೆಚ್ಚು. ಹೆಂಡ ಕುಡಿಯಲು ಒಂದು ಗಂಟೆ ಬೇಕು, ಪೊಟ್ಟಣಕ್ಕೆ ಒಂದು ನಿಮಿಷ ಸಾಕು. ಹೆಂಡ ಸಂಜೆಗೆ ಹುಳಿಯುತ್ತಿತ್ತು, ಪೊಟ್ಟಣ ಹುಳಿಯುವುದೇ ಇಲ್ಲ.

ಇನ್ನೂ ಕೆಟ್ಟ ದಾರಿಯೂ ಇತ್ತು. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯ ಸುತ್ತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮಿಥೈಲ್ ಆಲ್ಕೊಹಾಲ್. ನೋಟಕ್ಕೆ, ವಾಸನೆಗೆ ಮದ್ಯಸಾರದ ಅಣ್ಣತಮ್ಮನಂತಿದ್ದರೂ ದೇಹದ ಒಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಜೀವವನ್ನು ತೆಗೆಯುತ್ತದೆ. ಸತ್ತವರು ಬಹುಪಾಲು ದಿನಗೂಲಿಯವರು.

ಇದರಿಂದ ಪಡಖಾನೆಯೇ ಒಳ್ಳೆಯದಿತ್ತು ಎಂದು ತೀರ್ಮಾನಿಸಿದರೆ ಅದೂ ಅರ್ಧ ಸತ್ಯವೇ. ಹೆಂಡದ ದುಡ್ಡು ಸಹ ರಾಗಿಯ ದುಡ್ಡೇ ಆಗಿತ್ತು. ಸಂತೆಯ ದಿನ ಗಂಡ ಮನೆಗೆ ಬರುವ ದಾರಿ ಪಡಖಾನೆಯ ಮುಂದೆ ಹಾದರೆ, ಬರುವ ಹೊತ್ತಿಗೆ ಸೊಂಟದ ಚೀಲ ಬರಿದಾಗಿರುತ್ತಿತ್ತು. ಪೆಟ್ಟು ತಿಂದವಳಿಗೆ ಅದು ನೂರಕ್ಕೆ ಐದರ ಪೆಟ್ಟೋ ನಲವತ್ತರ ಪೆಟ್ಟೋ ಎಂಬ ಭೇದ ತಿಳಿಯುವುದಿಲ್ಲ. ದಿನಕ್ಕೆ ನೂರು ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 36,500. ಹಳ್ಳಿಯ ಒಬ್ಬ ಹುಡುಗಿಯ ಕಾಲೇಜಿನ ಶುಲ್ಕ, ಹಾಸ್ಟೆಲ್, ಬಸ್ ಪಾಸು ಎಲ್ಲ ಸೇರಿಸಿ ಈ ಮೊತ್ತದ ಪಕ್ಕದಲ್ಲಿ ಬರೆದು ನೋಡಲಿ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಪೂರ್ಣ ಪಾನನಿಷೇಧ ಕೇಳುತ್ತ ನಡೆದು ಬಂದ ಸಾವಿರಾರು ಹೆಂಗಸರು ಮಾಡಿದ್ದೂ ಇದೇ ಲೆಕ್ಕವನ್ನು.

ಹಾಗೆಯೇ ಇನ್ನೊಂದು ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀಗ ಬಿದ್ದಾಗ ಗುತ್ತಿಗೆದಾರನಿಗೆ ಬೇರೆ ವ್ಯಾಪಾರವಿತ್ತು. ಮರ ಹತ್ತುವವನಿಗೆ ಇದ್ದದ್ದು ಕತ್ತಿ, ಹಗ್ಗ, ಬೆರಳಿನ ಅಂದಾಜು. ಕಲಬೆರಕೆ ನಡೆದದ್ದು ನೆಲದ ಮೇಲೆ. ಶಿಕ್ಷೆ ಮುಟ್ಟಿದ್ದು ಮರದ ಮೇಲಿದ್ದವನಿಗೂ. ತೆಂಗಿನ ಮರದಿಂದ ನೀರಾ ಇಳಿಸಲು ಇತ್ತೀಚಿನ ವರ್ಷಗಳಲ್ಲಿ ರಾಜ್ಯ ಅನುಮತಿ ಕೊಟ್ಟಿದೆ. ಈಚಲಿನ ಕಸುಬು ತಿಳಿದವರು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಸುಣ್ಣ ಬಳಿದ ಗಡಿಗೆ ಮತ್ತು ಬೆಲ್ಲದ ಒಲೆ ಈ ಸೀಮೆಯಲ್ಲೂ ನೆಲೆಗೊಂಡಿದ್ದರೆ, ಅದೇ ಮರ ಅದೇ ಮನೆಗೆ ಬೇರೆ ರೀತಿಯಲ್ಲಿ ಅನ್ನ ಕೊಡುತ್ತಿತ್ತೇನೋ.

ಉತ್ತರ ಹೇಳುವ ಹೊತ್ತು

ಈಗ ಕೆರೆ ಏರಿಯ ಈಚಲು ಮರಕ್ಕೆ ಗಡಿಗೆ ಕಟ್ಟುವವರಿಲ್ಲ. ಅದರ ಗರಿ ಪೊರಕೆಯಾಗುತ್ತದೆ, ಚಾಪೆಯಾಗುತ್ತದೆ. ಗೀಜಗದ ಹಕ್ಕಿ ಗರಿಯ ತುದಿಗೆ ಗೂಡು ತೂಗುಹಾಕುತ್ತದೆ. ಬೇಸಗೆಯ ಕೊನೆಗೆ ಹಣ್ಣು ಬಿದ್ದರೆ ಮಕ್ಕಳು ಆರಿಸಿ ತಿನ್ನುತ್ತಾರೆ. ಮರ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೆಲ್ಲ ಮಾಡುವವರಿಗೆ ಬೆಲ್ಲ ಕೊಟ್ಟಿತು, ಹೆಂಡ ಕೇಳಿದವರಿಗೆ ಹೆಂಡ ಕೊಟ್ಟಿತು.

ಬಸ್ಸು ಗುಂಡ್ಲುಪೇಟೆಯ ನಿಲ್ದಾಣ ಸೇರುವ ಮುನ್ನ ಇನ್ನೊಂದು ಮುದಿ ಈಚಲು ಎದುರಾಗುತ್ತದೆ. ಹುಡುಗ ಬೆರಳು ಮಡಚುತ್ತ ಕಚ್ಚುಗಳನ್ನು ಎಣಿಸುತ್ತಾನೆ. ಎಡಕ್ಕೆ ಒಂಬತ್ತು, ಬಲಕ್ಕೆ ಎಂಟು. ಆಮೇಲೆ ಮೇಲಿನ ತುದಿಯತ್ತ ಕೈ ತೋರಿಸಿ, "ಅಲ್ಲಿಂದ ಮ್ಯಾಕೆ ನೆಟ್ಗದಲ್ಲ ತಾತ, ಯಾಕೆ?" ಎಂದು ಕೇಳುತ್ತಾನೆ.

ತಾತ ಮಗಳ ಮುಖ ನೋಡುತ್ತಾನೆ. ತಾನು ಹುಡುಗಿಯಾಗಿದ್ದಾಗ ಸಂತೆಯ ಸಂಜೆಗಳಲ್ಲಿ ಇದೇ ಅಪ್ಪನಿಗಾಗಿ ಬಾಗಿಲಲ್ಲಿ ಕಾದವಳು ಅವಳು. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಈ ಸಲ ಅವಳು ಸುಮ್ಮನಿರು ಎನ್ನುವುದಿಲ್ಲ.

"ಹೇಳಪ್ಪ, ಹೇಳು" ಎನ್ನುತ್ತಾಳೆ. "ಪೂರ್ತಿ ಹೇಳು. ಮನೇಲಿ ಏನಾಯ್ತು ಅನ್ನೋದ್ನೂವೆ ಸೇರ್ಸಿ ಹೇಳು."

ತಾತ ಗಂಟಲು ಸರಿಮಾಡಿಕೊಳ್ಳುತ್ತಾನೆ. ಹುಡುಗ ಕಿಟಕಿಯಿಂದ ಮುಖ ತೆಗೆದು ಅವನ ಕಡೆ ತಿರುಗಿ ಕೂರುತ್ತಾನೆ.